ಇಮೇಲ್ ಖ್ಯಾತಿಯ ಅಂಕಿಗಳು ತಾಳೆಯಾಗದಿದ್ದಾಗ: ಹಂತ ಹಂತವಾಗಿ ಪರೀಕ್ಷಿಸುವ ಕ್ರಮ

2024ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಯಾಹೂ, 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್, ದೊಡ್ಡ ಪ್ರಮಾಣದಲ್ಲಿ ಇಮೇಲ್ ಕಳುಹಿಸುವವರಿಗೆ ಬಿಗಿಯಾದ ನಿಯಮಗಳನ್ನು ಜಾರಿಗೆ ತಂದ ಮೇಲೆ, ಸೆಂಡರ್ ರೆಪ್ಯುಟೇಷನ್, ಅಂದರೆ ಕಳುಹಿಸುವವರನ್ನು ಮೇಲ್ ಸೇವೆಗಳು ಎಷ್ಟು ನಂಬುತ್ತವೆ ಎಂಬುದು, ದೊಡ್ಡ ಕಂಪನಿಗಳ ಐಟಿ ವಿಭಾಗಕ್ಕಷ್ಟೇ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಅಧಿಸೂಚನೆ ಹೊರಬಿದ್ದ ದಿನ ಸಾವಿರಾರು ಅಭ್ಯರ್ಥಿಗಳಿಗೆ ಮೇಲ್ ಕಳುಹಿಸುವ ಧಾರವಾಡ ಸಪ್ತಾಪುರದ ತರಬೇತಿ ಕೇಂದ್ರ, ಕ್ಯಾಲೆಂಡರ್ ಹಂಗಾಮಿನಲ್ಲಿ ದರಪಟ್ಟಿ ಕಳುಹಿಸುವ ಗದಗಿನ ಮುದ್ರಣಾಲಯ, ಪೇಟೆಯ ದರವನ್ನು ದೂರದ ಖರೀದಿದಾರರಿಗೆ ತಿಳಿಸುವ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ, ಇವರೆಲ್ಲರೂ ತಮ್ಮ ಡೊಮೇನ್‌ನ, ಅಂದರೆ ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಹೆಸರಿನ, ಖ್ಯಾತಿ ಹೇಗಿದೆ ಎಂದು ಆಗಾಗ ನೋಡಿಕೊಳ್ಳಬೇಕಾಗಿದೆ. ಹಾಗೆ ನೋಡಲು ಕುಳಿತವರಿಗೆ ಎದುರಾಗುವ ಮೊದಲ ತೊಡಕೆಂದರೆ, ಖ್ಯಾತಿ ಅಳೆಯುವ ಒಂದು ಸಾಧನ ಎಲ್ಲವೂ ಸರಿಯಿದೆ ಎನ್ನುತ್ತದೆ, ಇನ್ನೊಂದು ಕೆಂಪು ಬಣ್ಣ ತೋರಿಸುತ್ತದೆ, ಮೂರನೆಯದು ಏನನ್ನೂ ತೋರಿಸದೆ ಖಾಲಿ ನಿಲ್ಲುತ್ತದೆ.

ಇಂಥ ಹೊತ್ತಿನಲ್ಲಿ ಕೆಲವರು ಅತಿ ಕೆಟ್ಟ ಅಂಕಿಯನ್ನು ನಂಬಿ ರಾತ್ರೋರಾತ್ರಿ ಡೊಮೇನ್, ಸರ್ವರ್, ಸೇವಾದಾರ ಎಲ್ಲವನ್ನೂ ಬದಲಿಸುತ್ತಾರೆ. ಇನ್ನು ಕೆಲವರು ಅತಿ ಒಳ್ಳೆಯ ಅಂಕಿಯನ್ನು ಹಿಡಿದುಕೊಂಡು ಸುಮ್ಮನಿರುತ್ತಾರೆ. ಎರಡರಿಂದಲೂ ನಷ್ಟವೇ. ಬಹುತೇಕ ಸಂದರ್ಭಗಳಲ್ಲಿ ಈ ಅಂಕಿಗಳಲ್ಲಿ ಯಾವುದೂ ತಪ್ಪಾಗಿರುವುದಿಲ್ಲ, ಅವು ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳಾಗಿರುತ್ತವೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಒಂದೇ ಚೀಲದ ಮೆಣಸಿನಕಾಯಿಯನ್ನು ಒಬ್ಬರು ಬಣ್ಣಕ್ಕಾಗಿ, ಇನ್ನೊಬ್ಬರು ಖಾರಕ್ಕಾಗಿ, ಮತ್ತೊಬ್ಬರು ತೇವಾಂಶಕ್ಕಾಗಿ ನೋಡಿ ಬೇರೆ ಬೇರೆ ಬೆಲೆ ಹೇಳುವುದುಂಟು. ಅವರಲ್ಲಿ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಆದ್ದರಿಂದ ಯಾವ ಸಾಧನವನ್ನು ನಂಬಬೇಕು ಎಂದು ಕೇಳುವ ಮೊದಲು, ಪ್ರತಿಯೊಂದು ಸಾಧನ ಯಾರನ್ನು, ಯಾವ ಮೇಲ್‌ಗಳ ಆಧಾರದ ಮೇಲೆ, ಯಾವ ದಿನದ ಲೆಕ್ಕದಲ್ಲಿ ಅಳೆಯುತ್ತಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು.

ಮೊದಲ ಹಂತ: ಅಳೆಯುತ್ತಿರುವುದು ಐಪಿಯನ್ನೋ ಡೊಮೇನನ್ನೋ

ಮೈಕ್ರೋಸಾಫ್ಟ್‌ನ ಎಸ್‌ಎನ್‌ಡಿಎಸ್, ಅಂದರೆ ಸ್ಮಾರ್ಟ್ ನೆಟ್‌ವರ್ಕ್ ಡೇಟಾ ಸರ್ವಿಸಸ್, ನೋಡುವುದು ಐಪಿ ವಿಳಾಸವನ್ನು, ಅಂದರೆ ಮೇಲ್ ಕಳುಹಿಸುವ ಸರ್ವರ್‌ನ ಅಂತರ್ಜಾಲ ಸಂಖ್ಯೆಯನ್ನು, ಮಾತ್ರ. ವ್ಯಾಲಿಡಿಟಿ ಕಂಪನಿಯ ಸೆಂಡರ್ ಸ್ಕೋರ್ 0ಯಿಂದ 100ರವರೆಗೆ ಕೊಡುವ ಅಂಕವೂ ಐಪಿ ವಿಳಾಸದ್ದೇ, ಅದೂ ಹಿಂದಿನ 30 ದಿನಗಳ ನಡವಳಿಕೆಯ ಮೇಲಿನದು. ಸಿಸ್ಕೋದ ಟ್ಯಾಲೋಸ್ ತಾಣದಲ್ಲಿ ಐಪಿಯನ್ನೂ ಡೊಮೇನನ್ನೂ ಬೇರೆ ಬೇರೆಯಾಗಿ ಹುಡುಕಬಹುದು. ಜಿಮೇಲ್‌ಗೆ ಹೋದ ಮೇಲ್‌ಗಳನ್ನು ನೋಡುವ ಗೂಗಲ್ ಪೋಸ್ಟ್‌ಮಾಸ್ಟರ್ ಟೂಲ್ಸ್ ಮುಖ್ಯವಾಗಿ ಡೊಮೇನ್ ಹಿಡಿದು ಲೆಕ್ಕ ಹೇಳುತ್ತದೆ. ಯಾಹೂ ಕಳುಹಿಸುವ ದೂರಿನ (ಬಳಕೆದಾರರು ‘ಸ್ಪ್ಯಾಮ್’ ಗುಂಡಿ ಒತ್ತಿದ್ದರ) ಮಾಹಿತಿ ಡಿಕಿಮ್ ಸಹಿಯಲ್ಲಿರುವ, ಅಂದರೆ ಮೇಲ್ ಯಾವ ಡೊಮೇನ್‌ನಿಂದ ಬಂತೆಂದು ದೃಢಪಡಿಸುವ ಡಿಜಿಟಲ್ ಸಹಿಯಲ್ಲಿರುವ, ಡೊಮೇನ್‌ಗೆ ಅಂಟಿಕೊಂಡಿರುತ್ತದೆ.

ನಮ್ಮ ಭಾಗದ ಸಣ್ಣ ಸಂಸ್ಥೆಗಳಲ್ಲಿ ಹೆಚ್ಚಿನವು ಯಾವುದಾದರೂ ಬಲ್ಕ್ ಮೇಲ್ ಸೇವಾದಾರರ ಹಂಚಿಕೆಯ ಐಪಿಯಿಂದ ಮೇಲ್ ಕಳುಹಿಸುತ್ತವೆ. ಅಂಥ ಐಪಿಯ ಮೇಲೆ ನಿಮ್ಮ ಮೇಲ್ ಜೊತೆಗೆ ಬೇರೆ ಯಾವ ಯಾವುದೋ ಊರಿನ ನೂರಾರು ಸಂಸ್ಥೆಗಳ ಮೇಲ್ ಕೂಡ ಹೋಗುತ್ತಿರುತ್ತದೆ. ಹಾಗಿರುವಾಗ ಸೆಂಡರ್ ಸ್ಕೋರ್ 62ಕ್ಕೆ ಇಳಿದಿದ್ದರೆ ಅದು ನಿಮ್ಮ ನಡವಳಿಕೆಯ ಅಂಕವೆಂದು ತಿಳಿಯಬೇಕಾಗಿಲ್ಲ. ಅದೇ ರೀತಿ 98 ಇದ್ದರೂ ಆ ಹೆಮ್ಮೆ ನಿಮ್ಮದಲ್ಲ. ನಿಮಗೆ ಮಾತ್ರ ಮೀಸಲಾದ ಐಪಿ ಇಲ್ಲದಿದ್ದರೆ ಐಪಿಯ ಅಂಕಗಳನ್ನು ಸೇವಾದಾರರ ಮೇಲ್ವಿಚಾರಣೆಗೆ ಬಳಸಿ, ನಿಮ್ಮ ಸ್ವಂತ ಲೆಕ್ಕಕ್ಕೆ ಡೊಮೇನ್ ಆಧಾರಿತ ಅಂಕಿಗಳನ್ನೇ ಹಿಡಿಯಿರಿ.

ಗೂಗಲ್ ಸಾಧನದ ವಿಷಯದಲ್ಲಿ ಇನ್ನೊಂದು ಗೊಂದಲವೂ ಇದೆ. ಅದರ ಹಳೆಯ ಆವೃತ್ತಿಯಲ್ಲಿ ಡೊಮೇನ್‌ಗೂ ಐಪಿಗೂ ಬ್ಯಾಡ್, ಲೋ, ಮೀಡಿಯಂ, ಹೈ ಎಂಬ ನಾಲ್ಕು ದರ್ಜೆಗಳಿದ್ದವು. ಹೊಸ ಆವೃತ್ತಿಯಲ್ಲಿ ಆ ಫಲಕಗಳಿಲ್ಲ. ಬದಲಾಗಿ ನಿಯಮಗಳನ್ನು ಪಾಲಿಸುತ್ತಿದ್ದೀರೋ ಇಲ್ಲವೋ ಎಂದು ತಿಳಿಸುವ ಫಲಕವಿದೆ. ಕಳೆದ ವರ್ಷ ತೆಗೆದಿಟ್ಟ ಸ್ಕ್ರೀನ್‌ಶಾಟಿನ ‘ಹೈ’ ದರ್ಜೆಯನ್ನು ಇಂದಿನ ಫಲಕದ ಜೊತೆ ಹೋಲಿಸುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ನಿಯಮಪಾಲನೆಯಲ್ಲಿ ಎಲ್ಲವೂ ಸರಿಯಿದ್ದ ಡೊಮೇನ್‌ನ ಮೇಲ್ ಕೂಡ ಸ್ಪ್ಯಾಮ್ ಫೋಲ್ಡರಿಗೆ ಹೋಗಬಹುದು.

ಎರಡನೆಯ ಹಂತ: ಒಂದು ಮೇಲ್‌ನ ಹೆಡರನ್ನು ಕಣ್ಣಾರೆ ಓದುವುದು

ಯಾವ ಡೊಮೇನ್‌ನ ಹೆಸರಿನಲ್ಲಿ ಲೆಕ್ಕ ಬೀಳುತ್ತಿದೆ ಎಂಬುದನ್ನು ಊಹಿಸಬೇಡಿ. ಹೆಡರ್, ಅಂದರೆ ಪ್ರತಿ ಮೇಲ್ ಜೊತೆ ಹೋಗುವ ತಾಂತ್ರಿಕ ವಿವರ, ಅದನ್ನು ಹೇಳುತ್ತದೆ. ನೀವು ಗ್ರಾಹಕರಿಗೆ ಕಳುಹಿಸುವ ಮೇಲನ್ನೇ ನಿಮ್ಮದೊಂದು ಜಿಮೇಲ್ ಖಾತೆಗೂ ಕಳುಹಿಸಿ, ಅದನ್ನು ತೆರೆದು, ಬಲಗಡೆಯ ಮೂರು ಚುಕ್ಕೆಗಳನ್ನು ಒತ್ತಿ, ‘ಶೋ ಒರಿಜಿನಲ್’ ಆಯ್ಕೆ ಮಾಡಿ. ಮೇಲ್ಭಾಗದಲ್ಲಿಯೇ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಸಾಲುಗಳು ಕಾಣುತ್ತವೆ. ಎಸ್‌ಪಿಎಫ್ ಎಂಬುದು ಕಳುಹಿಸಿದ ಸರ್ವರ್‌ಗೆ ಅನುಮತಿಯಿದೆಯೇ ಎಂಬ ಪರೀಕ್ಷೆ; ಡಿಮಾರ್ಕ್ ಎಂಬುದು ಎಸ್‌ಪಿಎಫ್, ಡಿಕಿಮ್‌ಗಳಲ್ಲಿ ಒಂದಾದರೂ ಕಳುಹಿಸಿದವರ ವಿಳಾಸದ ಡೊಮೇನ್‌ಗೆ ಹೊಂದುತ್ತದೆಯೇ ಎಂಬ ಪರೀಕ್ಷೆ. ಮೂರರ ಮುಂದೆಯೂ ‘ಪಾಸ್’ ಎಂದಿದ್ದರೆ ಅಲ್ಲಿಗೇ ನಿಲ್ಲಿಸಬೇಡಿ. ಡಿಕಿಮ್ ಸಾಲಿನಲ್ಲಿ ಯಾವ ಡೊಮೇನ್ ಹೆಸರಿದೆ ಎಂಬುದನ್ನು ಅಕ್ಷರ ಅಕ್ಷರವಾಗಿ ಓದಿ. ಕೆಳಗಿನ ಉದ್ದನೆಯ ಹೆಡರಿನಲ್ಲಿ ಡಿಕಿಮ್ ಸಹಿಯ ಒಳಗೆ ‘ಡಿ=’ ಎಂದು ಆರಂಭವಾಗುವ ಭಾಗದಲ್ಲಿಯೂ ಅದೇ ಹೆಸರಿರುತ್ತದೆ.

ಅಲ್ಲಿ ನಿಮ್ಮ ಡೊಮೇನ್ ಬದಲು ಸೇವಾದಾರರ ಡೊಮೇನ್ ಇದ್ದರೆ ಅರ್ಧ ಒಗಟು ಬಿಡಿಸಿದಂತೆಯೇ. ಮೇಲ್ ನಿಮ್ಮ ಹೆಸರಿನಲ್ಲಿ ಹೋಗುತ್ತಿದೆ, ಸಹಿ ಮಾತ್ರ ಬೇರೆಯವರದು. ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಸ್ಪ್ಯಾಮ್ ದೂರಿನ ಪ್ರಮಾಣ ಡಿಕಿಮ್ ಸಹಿಯಿಂದ ದೃಢಪಟ್ಟ ಮೇಲ್‌ಗಳಿಗೆ ಸಂಬಂಧಿಸಿದ್ದಾದ್ದರಿಂದ, ನೀವು ನೋಂದಾಯಿಸಿದ ಡೊಮೇನ್‌ನ ಫಲಕ ಖಾಲಿಯಾಗಿಯೋ ಅರೆಬರೆಯಾಗಿಯೋ ಕಾಣುತ್ತದೆ. ಬಿಲ್ಲುಗಳನ್ನು ಕಚೇರಿಯ ಸರ್ವರ್‌ನಿಂದಲೂ ಪ್ರಚಾರದ ಮೇಲ್‌ಗಳನ್ನು ಸೇವಾದಾರರಿಂದಲೂ ಕಳುಹಿಸುವ ಸಂಸ್ಥೆಗಳಲ್ಲಿ ಇದು ಬಹಳ ಸಾಮಾನ್ಯ: ಫಲಕ ತೋರಿಸುವುದು ಬಿಲ್ಲುಗಳ ಒಳ್ಳೆಯ ಲೆಕ್ಕವನ್ನು, ಗ್ರಾಹಕರು ದೂರುವುದು ಪ್ರಚಾರದ ಮೇಲ್‌ಗಳನ್ನು. ಪರಿಹಾರ ನೇರವಾಗಿದೆ. ಸೇವಾದಾರರ ಖಾತೆಯಲ್ಲಿ ನಿಮ್ಮದೇ ಡೊಮೇನ್‌ನ ಡಿಕಿಮ್ ಕೀಲಿಯನ್ನು ಅಳವಡಿಸಿ, ಪ್ರಚಾರಕ್ಕೆ ಒಂದು ಪ್ರತ್ಯೇಕ ಸಬ್‌ಡೊಮೇನ್ (ಮೂಲ ಹೆಸರಿನ ಮುಂದೆ ಇನ್ನೊಂದು ಪದ ಸೇರಿಸಿದ ಉಪ ಹೆಸರು) ಇಟ್ಟುಕೊಳ್ಳಿ, ಮೂಲ ಡೊಮೇನನ್ನೂ ಸಬ್‌ಡೊಮೇನನ್ನೂ ಸಾಧನದಲ್ಲಿ ಬೇರೆ ಬೇರೆಯಾಗಿ ಸೇರಿಸಿ. ಆಗ ಪ್ರಚಾರದ ಮೇಲ್‌ಗಳ ಲೆಕ್ಕವನ್ನು ಪ್ರತ್ಯೇಕವಾಗಿಯೂ ನೋಡಬಹುದು.

ಮೂರನೆಯ ಹಂತ: ಮೇಲಿನ ಸಂಖ್ಯೆ ಯಾವುದು, ಕೆಳಗಿನ ಸಂಖ್ಯೆ ಯಾವುದು

ಶೇಕಡಾವಾರು ಅಂಕಿಯನ್ನು ಓದುವಾಗ ಯಾವುದನ್ನು ಯಾವುದರಿಂದ ಭಾಗಿಸಲಾಗಿದೆ ಎಂದು ಕೇಳುವುದು ಈ ಇಡೀ ಕೆಲಸದ ತಿರುಳು. ಒಂದು ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡೋಣ. ತರಬೇತಿ ಕೇಂದ್ರವೊಂದು ಒಂದು ದಿನ 8,000 ಮೇಲ್ ಕಳುಹಿಸಿತು ಎಂದಿಟ್ಟುಕೊಳ್ಳಿ. ಅದರಲ್ಲಿ 7,000 ಜಿಮೇಲ್‌ಗೆ, 600 ಯಾಹೂಗೆ, 400 ಔಟ್‌ಲುಕ್‌ಗೆ ಹೋದವು. ಜಿಮೇಲ್‌ಗೆ ಹೋದವುಗಳಲ್ಲಿ 4,000 ಮಾತ್ರ ಇನ್‌ಬಾಕ್ಸ್ ಸೇರಿ, ಉಳಿದ 3,000 ಸ್ಪ್ಯಾಮ್ ಫೋಲ್ಡರಿಗೆ ಬಿದ್ದವು. ಜಿಮೇಲ್‌ನಲ್ಲಿ 14 ಜನ, ಯಾಹೂದಲ್ಲಿ 3 ಜನ ‘ಸ್ಪ್ಯಾಮ್’ ಗುಂಡಿ ಒತ್ತಿದರು. ಔಟ್‌ಲುಕ್‌ನಲ್ಲಿ ಯಾರೂ ಒತ್ತಲಿಲ್ಲ.

ಈಗ ಸೇವಾದಾರರ ಡ್ಯಾಶ್‌ಬೋರ್ಡ್ ನೋಡಿ. ಜಿಮೇಲ್ ತನ್ನ ಬಳಕೆದಾರರ ಒಂದೊಂದೇ ದೂರನ್ನು ಸೇವಾದಾರರಿಗೆ ಕಳುಹಿಸಿಕೊಡುವುದಿಲ್ಲ. ಹಾಗಾಗಿ ಸೇವಾದಾರರಿಗೆ ಗೊತ್ತಿರುವುದು ಯಾಹೂದ 3 ದೂರುಗಳು ಮಾತ್ರ. ಅದನ್ನು ಒಟ್ಟು 8,000ದಿಂದ ಭಾಗಿಸಿದರೆ ಸುಮಾರು ಶೇ 0.04. ಯಾಹೂದ ದೃಷ್ಟಿಯಲ್ಲಿ 600ಕ್ಕೆ 3, ಅಂದರೆ ಶೇ 0.5. ಗೂಗಲ್ ಭಾಗಿಸುವುದು ಕಳುಹಿಸಿದ ಮೇಲ್‌ಗಳಿಂದಲ್ಲ, ಸಕ್ರಿಯ ಬಳಕೆದಾರರ ಇನ್‌ಬಾಕ್ಸ್ ತಲುಪಿದ ಮೇಲ್‌ಗಳಿಂದ. ತಲುಪಿದವರೆಲ್ಲರೂ ಸಕ್ರಿಯರೆಂದು ಹಿಡಿದರೂ 4,000ಕ್ಕೆ 14, ಅಂದರೆ ಶೇ 0.35. ಒಂದೇ ದಿನ, ಒಂದೇ ಮೇಲ್, ಮೂರು ಅಂಕಿ, ಮೂರೂ ಸರಿ. ಆದರೆ ಗೂಗಲ್ ಕೇಳುವುದು ಈ ಪ್ರಮಾಣ ಶೇ 0.10ಕ್ಕಿಂತ ಕೆಳಗಿರಬೇಕು, ಶೇ 0.30ನ್ನು ಎಂದೂ ಮುಟ್ಟಬಾರದು ಎಂದು. ಸೇವಾದಾರರ ಶೇ 0.04 ನೋಡಿ ನೆಮ್ಮದಿಯಾಗಿದ್ದವರು, ಎಲ್ಲಕ್ಕಿಂತ ಹೆಚ್ಚು ಅಭ್ಯರ್ಥಿಗಳಿರುವ ಜಿಮೇಲ್‌ನಲ್ಲಿ ಆಗಲೇ ಮಿತಿ ದಾಟಿರುತ್ತಾರೆ.

ಇದೇ ಲೆಕ್ಕದ ಇನ್ನೊಂದು ಮುಖ ಇನ್ನೂ ಹೆಚ್ಚು ಜನರನ್ನು ದಾರಿ ತಪ್ಪಿಸುತ್ತದೆ. ಮೇಲ್‌ಗಳೆಲ್ಲ ಸ್ಪ್ಯಾಮ್ ಫೋಲ್ಡರಿಗೇ ಹೋಗತೊಡಗಿದರೆ, ಅಲ್ಲಿ ಬಿದ್ದಿರುವುದನ್ನು ಮತ್ತೆ ಸ್ಪ್ಯಾಮ್ ಎಂದು ದೂರುವವರು ಯಾರೂ ಇರುವುದಿಲ್ಲ. ದೂರಿನ ಪ್ರಮಾಣ ಇಳಿದು ಸೊನ್ನೆಗೆ ಬಂದು ನಿಲ್ಲುತ್ತದೆ. ಖ್ಯಾತಿ ಕುಸಿದಿರುವಾಗ ದೂರಿನ ಅಂಕಿ ಸುಧಾರಿಸಿದಂತೆ ಕಂಡರೆ ಸಂತೋಷಪಡುವ ಮೊದಲು, ಅದೇ ವಾರ ಜಿಮೇಲ್ ಗ್ರಾಹಕರಿಂದ ಬಂದ ಉತ್ತರಗಳು ಮತ್ತು ಲಿಂಕ್ ಒತ್ತಿದವರ ಸಂಖ್ಯೆ ಕೂಡ ಇಳಿದಿದೆಯೇ ಎಂದು ನೋಡಬೇಕು. ಎರಡೂ ಒಟ್ಟಿಗೆ ಇಳಿದಿದ್ದರೆ ಅದು ಸುಧಾರಣೆಯ ಲಕ್ಷಣವಲ್ಲ.

‘ಡೆಲಿವರ್ಡ್’ ಎಂಬ ಅಂಕಿಯ ಬಗ್ಗೆಯೂ ಇಷ್ಟು ತಿಳಿದಿರಲಿ: ಎದುರಿನ ಸರ್ವರ್ 250 ಎಂಬ ಉತ್ತರ ಕೊಟ್ಟು ಮೇಲನ್ನು ಒಪ್ಪಿಕೊಂಡಿತು ಎಂಬುದಷ್ಟೇ ಅದರ ಅರ್ಥ. ಶೇ 99 ಡೆಲಿವರಿಗೂ ಇನ್‌ಬಾಕ್ಸಿಗೂ ನೇರ ಸಂಬಂಧವಿಲ್ಲ.

ಎಸ್‌ಎನ್‌ಡಿಎಸ್‌ನ ಬಣ್ಣಗಳು ದೂರಿನ ಪ್ರಮಾಣವನ್ನು ಹೇಳುವುದೇ ಇಲ್ಲ. ಆ ಐಪಿಯಿಂದ ಬಂದ ಮೇಲ್‌ಗಳಲ್ಲಿ ಎಷ್ಟನ್ನು ಮೈಕ್ರೋಸಾಫ್ಟ್‌ನ ಫಿಲ್ಟರ್ ಸ್ಪ್ಯಾಮ್ ಎಂದು ತೀರ್ಮಾನಿಸಿತು ಎಂಬುದನ್ನು ಅವು ಹೇಳುತ್ತವೆ: ಶೇ 10ಕ್ಕಿಂತ ಕಡಿಮೆಯಿದ್ದರೆ ಹಸಿರು, ಶೇ 90ಕ್ಕಿಂತ ಹೆಚ್ಚಾದರೆ ಕೆಂಪು, ನಡುವಿನದ್ದೆಲ್ಲ ಹಳದಿ. ಹಳದಿಯ ಹರವು ಇಷ್ಟು ದೊಡ್ಡದಾಗಿರುವುದರಿಂದ, ಶೇ 12ರಲ್ಲಿರುವವರೂ ಶೇ 85ರಲ್ಲಿರುವವರೂ ಒಂದೇ ಬಣ್ಣ ನೋಡುತ್ತಾರೆ. ಪಕ್ಕದ ಕಾಲಮ್ಮಿನಲ್ಲಿ ದೂರಿನ ಪ್ರಮಾಣ ಕಡಿಮೆಯಿದ್ದು ಬಣ್ಣ ಮಾತ್ರ ಹಳದಿಯಾಗಿದ್ದರೆ ಅದರಲ್ಲಿ ವಿರೋಧವೇನೂ ಇಲ್ಲ. ಫಿಲ್ಟರಿನ ತೀರ್ಪು ಬೇರೆ, ಬಳಕೆದಾರರ ದೂರು ಬೇರೆ.

ನಾಲ್ಕನೆಯ ಹಂತ: ದಿನ ಎಲ್ಲಿಂದ ಎಲ್ಲಿಯವರೆಗೆ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ವ್ಯಾಪಾರದ ಭರಾಟೆ. ಅಂದು ದರದ ಮೇಲ್ ಸಾವಿರಗಟ್ಟಲೆ ಹೋಗುತ್ತದೆ, ಮರುದಿನ ನೂರೈವತ್ತು ಮೇಲ್ ಮಾತ್ರ ಹೋಗುತ್ತದೆ ಎಂದುಕೊಳ್ಳಿ. ಸೋಮವಾರದ ಮೇಲನ್ನು ಮಂಗಳವಾರ ಬೆಳಿಗ್ಗೆ ತೆರೆದು ಮೂವರು ದೂರು ಕೊಟ್ಟರೆ, ದೂರನ್ನು ಅದು ಬಂದ ದಿನದ ಲೆಕ್ಕಕ್ಕೆ ಹಾಕುವ ಸಾಧನದಲ್ಲಿ ಮಂಗಳವಾರದ 150 ಮೇಲ್‌ಗೆ 3 ದೂರು, ಅಂದರೆ ಶೇ 2 ಎಂದು ಕಾಣುತ್ತದೆ. ಎಸ್‌ಎನ್‌ಡಿಎಸ್‌ನಲ್ಲಿ ಈ ಕಾರಣದಿಂದಲೇ ದೂರಿನ ಪ್ರಮಾಣ ಶೇ 100ನ್ನೂ ಮೀರಲು ಸಾಧ್ಯ. ಹೀಗೆ ಏರಿಳಿತವಿರುವ ವ್ಯವಹಾರಗಳಲ್ಲಿ ಒಂದು ದಿನದ ಅಂಕಿಯನ್ನು ಓದುವುದನ್ನೇ ಬಿಟ್ಟು, ಏಳು ದಿನಗಳ ದೂರುಗಳನ್ನು ಕೂಡಿಸಿ, ಏಳು ದಿನಗಳ ಮೇಲ್‌ಗಳಿಂದ ಭಾಗಿಸಬೇಕು. ದಿನದಿನದ ಶೇಕಡಾವಾರುಗಳ ಸರಾಸರಿ ತೆಗೆಯುವುದು ಸಲ್ಲದು. ನೂರೈವತ್ತು ಮೇಲ್‌ನ ದಿನಕ್ಕೂ ಏಳು ಸಾವಿರ ಮೇಲ್‌ನ ದಿನಕ್ಕೂ ಅದು ಒಂದೇ ತೂಕ ಕೊಟ್ಟುಬಿಡುತ್ತದೆ.

ಗಡಿಯಾರದ ವ್ಯತ್ಯಾಸವನ್ನೂ ಮರೆಯಬಾರದು. ನಿಮ್ಮ ಡೊಮೇನ್ ಹೆಸರಿನಲ್ಲಿ ಬಂದ ಮೇಲ್‌ಗಳ ದೃಢೀಕರಣದ ಬಗ್ಗೆ ಮೇಲ್ ಸೇವೆಗಳು ಕಳುಹಿಸುವ ಡಿಮಾರ್ಕ್ ವರದಿಯ ಎಕ್ಸ್‌ಎಂಎಲ್ ಕಡತವನ್ನು ತೆರೆದರೆ ಅದರಲ್ಲಿ ‘ಬಿಗಿನ್’ ಮತ್ತು ‘ಎಂಡ್’ ಎಂಬ ಎರಡು ದೊಡ್ಡ ಸಂಖ್ಯೆಗಳಿರುತ್ತವೆ. ಅವು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಗೂಗಲ್ ಕಳುಹಿಸುವ ವರದಿಯ ದಿನ ಆರಂಭವಾಗುವುದು ಯುಟಿಸಿ (ಅಂತರರಾಷ್ಟ್ರೀಯ ಪ್ರಮಾಣ ಸಮಯ) ಮಧ್ಯರಾತ್ರಿಗೆ, ಅಂದರೆ ನಮ್ಮ ಬೆಳಗಿನ 5:30ಕ್ಕೆ. ಬೆಳಿಗ್ಗೆ 5 ಗಂಟೆಗೆ ಅಭ್ಯರ್ಥಿಗಳಿಗೆ ದಿನದ ರಸಪ್ರಶ್ನೆ ಕಳುಹಿಸುವ ಕೇಂದ್ರದ ಸೋಮವಾರದ ಮೇಲ್ ಅಲ್ಲಿ ಭಾನುವಾರದ ಖಾತೆಗೆ ಸೇರಿರುತ್ತದೆ. ಅಮೆರಿಕದ ಪೆಸಿಫಿಕ್ ಸಮಯವನ್ನು ಅನುಸರಿಸುವ ಸಾಧನವಾದರೆ ದಿನ ಬದಲಾಗುವುದು ನಮ್ಮ ಮಧ್ಯಾಹ್ನ 12:30ಕ್ಕೋ 1:30ಕ್ಕೋ. ಎರಡು ಸಾಧನಗಳ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆಯುವ ಮುನ್ನ ಪ್ರತಿಯೊಂದರ ಪಕ್ಕದಲ್ಲಿ ಅದರ ಸಮಯವಲಯವನ್ನು ಬರೆದಿಡಿ.

ಐದನೆಯ ಹಂತ: ಖಾಲಿ ಫಲಕವನ್ನು ಓದುವುದು

ಖಾಲಿ ಎಂದರೆ ಸೊನ್ನೆಯಲ್ಲ. ಪೋಸ್ಟ್‌ಮಾಸ್ಟರ್ ಟೂಲ್ಸ್ ಬಳಕೆದಾರರ ಖಾಸಗಿತನ ಕಾಯುವ ಸಲುವಾಗಿ, ಮೇಲ್‌ಗಳ ಸಂಖ್ಯೆ ಸಾಕಷ್ಟಿಲ್ಲದ ದಿನಗಳ ಮಾಹಿತಿಯನ್ನು ತೋರಿಸುವುದಿಲ್ಲ. ಎಸ್‌ಎನ್‌ಡಿಎಸ್ ಕೂಡ ಒಂದು ದಿನಕ್ಕೆ ಸುಮಾರು 100 ಮೇಲ್ ದಾಟದ ಐಪಿಗಳನ್ನು ಬಿಟ್ಟುಬಿಡುತ್ತದೆ. ಗೂಗಲ್ ಸಾಧನ ಎಣಿಸುವುದು ವೈಯಕ್ತಿಕ ಜಿಮೇಲ್ ಖಾತೆಗಳನ್ನು ಎಂಬುದನ್ನೂ ನೆನಪಿಡಿ; ನಿಮ್ಮ ಪಟ್ಟಿಯಲ್ಲಿ ಕಾಲೇಜು, ಕಂಪನಿಗಳ ಹೆಸರಿನ ವರ್ಕ್‌ಸ್ಪೇಸ್ (ಸಂಸ್ಥೆಗಳಿಗೆ ಗೂಗಲ್ ಕೊಡುವ ಮೇಲ್ ಸೇವೆ) ವಿಳಾಸಗಳೇ ಹೆಚ್ಚಿದ್ದರೆ, ಸಾವಿರಾರು ಮೇಲ್ ಗೂಗಲ್ ಸರ್ವರಿಗೇ ಹೋಗುತ್ತಿದ್ದರೂ ಫಲಕ ಬರಿದಾಗಿರಬಹುದು. ಮಾಹಿತಿ ಒಂದೆರಡು ದಿನ ತಡವಾಗಿಯೂ ಬರುತ್ತದೆ, ಆದ್ದರಿಂದ ನಿನ್ನೆಯ ಕಾಲಮ್ ಖಾಲಿಯಿದೆ ಎಂದು ಇಂದೇ ಗಾಬರಿಯಾಗಬೇಡಿ.

ಆರನೆಯ ಹಂತ: ಬ್ಲಾಕ್‌ಲಿಸ್ಟ್ ಪರೀಕ್ಷೆಯ ಫಲಿತಾಂಶ

ಹತ್ತಾರು ಬ್ಲಾಕ್‌ಲಿಸ್ಟ್‌ಗಳನ್ನು, ಅಂದರೆ ಸಂಶಯದ ಐಪಿ, ಡೊಮೇನ್‌ಗಳ ತಡೆಪಟ್ಟಿಗಳನ್ನು, ಒಂದೇ ಸಲ ಪರೀಕ್ಷಿಸಿ ಕೆಂಪು ಗುರುತು ಹಾಕುವ ತಾಣಗಳು ಹೆಚ್ಚು ಭಯ ಹುಟ್ಟಿಸುತ್ತವೆ, ಹಾಗೆಯೇ ಹೆಚ್ಚು ತಪ್ಪುದಾರಿಗೂ ಎಳೆಯುತ್ತವೆ. ಎಲ್ಲ ಪಟ್ಟಿಗಳ ತೂಕ ಒಂದೇ ಅಲ್ಲ. ಇಂಥ ಪಟ್ಟಿಗಳನ್ನು ನಡೆಸುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಎಸ್‌ಬಿಎಲ್ (ಸ್ಪ್ಯಾಮ್ ಮೂಲಗಳ ಐಪಿ ಪಟ್ಟಿ) ಅಥವಾ ಡೊಮೇನ್ ಪಟ್ಟಿಯಲ್ಲಿ ಹೆಸರು ಬಂದರೆ ಅದು ಗಂಭೀರ, ಕೂಡಲೇ ಕೈ ಹಾಕಬೇಕು. ಅದೇ ಸಂಸ್ಥೆಯ ಪಿಬಿಎಲ್‌ನಲ್ಲಿ ಕಚೇರಿಯ ಬ್ರಾಡ್‌ಬ್ಯಾಂಡ್ ಐಪಿ ಕಂಡರೆ ಅದು ಆರೋಪವೇ ಅಲ್ಲ. ಆ ಐಪಿಯಿಂದ ನೇರವಾಗಿ ಮೇಲ್ ಕಳುಹಿಸಬಾರದು, ಸೇವಾದಾರರ ಸರ್ವರ್ ಮೂಲಕ ಕಳುಹಿಸಬೇಕು ಎಂಬ ನೀತಿಯಷ್ಟೇ. ಯುಸಿಇಪ್ರೊಟೆಕ್ಟ್ ಎಂಬ ಇನ್ನೊಂದು ಸಂಸ್ಥೆಯ ಮೂರನೆಯ ಹಂತದ ಪಟ್ಟಿ ಒಂದೊಂದು ಐಪಿಯನ್ನಲ್ಲ, ನೆಟ್‌ವರ್ಕ್ ಕಂಪನಿಯ ಇಡೀ ವ್ಯಾಪ್ತಿಯನ್ನೇ ಸೇರಿಸುತ್ತದೆ. ಅದರಲ್ಲಿ ನಿಮ್ಮ ಐಪಿ ಇದ್ದರೆ ನೀವು ಮಾಡಬೇಕಾದದ್ದು ಏನೂ ಇಲ್ಲ, ಹಣ ಕೊಟ್ಟು ಬೇಗ ಹೆಸರು ತೆಗೆಸಿಕೊಳ್ಳುವ ದಾರಿಗೆ ಹೋಗಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ.

ಕೆಲವು ಪಟ್ಟಿಗಳು ಈಗ ಜೀವಂತವಾಗಿಯೇ ಇಲ್ಲ. ಸೋರ್ಬ್ಸ್ 2024ರ ಜೂನ್‌ನಲ್ಲಿ ನಿಂತುಹೋಯಿತು. ಎಎಚ್‌ಬಿಎಲ್ ಎಂಬ ಪಟ್ಟಿ ಮುಚ್ಚಿದ ಮೇಲೂ ಜನ ಅದನ್ನು ಕೇಳುವುದನ್ನು ಬಿಡದ್ದರಿಂದ, 2015ರ ಆರಂಭದಲ್ಲಿ ಕೇಳಿದ ಎಲ್ಲ ಐಪಿಗಳಿಗೂ ‘ಪಟ್ಟಿಯಲ್ಲಿದೆ’ ಎಂದೇ ಉತ್ತರಿಸತೊಡಗಿತು. ಹಳೆಯ ಪಟ್ಟಿಗಳನ್ನು ತೆಗೆದುಹಾಕದ ಸಾಧನ ಹೀಗೆ ಇಲ್ಲದ ರೋಗವನ್ನು ತೋರಿಸುತ್ತದೆ.

ನಿಮ್ಮದೇ ಸರ್ವರ್‌ನಿಂದ ಸ್ಪ್ಯಾಮ್‌ಹೌಸ್ ಪರೀಕ್ಷೆ ಮಾಡುವವರು ಉತ್ತರದ ಸಂಖ್ಯೆಯನ್ನು ಪೂರ್ತಿ ಓದಬೇಕು. 127.0.0.2 ಬಂದರೆ ಎಸ್‌ಬಿಎಲ್, 127.0.0.10 ಅಥವಾ 11 ಬಂದರೆ ಪಿಬಿಎಲ್. ಆದರೆ 127.255.255.254 ಎಂದು ಬಂದರೆ ನಿಮ್ಮ ಐಪಿ ಯಾವುದೋ ಪಟ್ಟಿಯಲ್ಲಿದೆ ಎಂದರ್ಥವಲ್ಲ, ನೀವು 8.8.8.8ರಂಥ ಸಾರ್ವಜನಿಕ ಡಿಎನ್‌ಎಸ್ (ಅಂತರ್ಜಾಲದ ಹೆಸರುಗಳಿಗೆ ಸಂಖ್ಯೆ ಹುಡುಕಿಕೊಡುವ ಸೇವೆ) ಮೂಲಕ ಕೇಳಿದ್ದೀರಿ, ಅದಕ್ಕೆ ಉತ್ತರ ಕೊಡುವುದಿಲ್ಲ ಎಂದರ್ಥ. 127ರಿಂದ ಆರಂಭವಾದದ್ದೆಲ್ಲ ‘ಪಟ್ಟಿಯಲ್ಲಿದೆ’ ಎಂದು ತಿಳಿಯುವ ಸ್ಕ್ರಿಪ್ಟ್‌ಗಳು ಇದನ್ನೂ ಕೆಂಪಾಗಿ ತೋರಿಸುತ್ತವೆ. ಅದೇ ಐಪಿಯನ್ನು ಸ್ಪ್ಯಾಮ್‌ಹೌಸ್‌ನ ಸ್ವಂತ ತಾಣದಲ್ಲಿ ಹುಡುಕಿ ನೋಡಿ, ಪಟ್ಟಿಯಲ್ಲಿಲ್ಲದಿದ್ದರೆ ಏನೂ ಸಿಗುವುದಿಲ್ಲ, ಅಲ್ಲಿಗೆ ಗೊಂದಲ ಬಗೆಹರಿಯುತ್ತದೆ.

ಡಿಮಾರ್ಕ್ ವರದಿ, ಓಪನ್ ರೇಟ್, ಸೀಡ್ ಪರೀಕ್ಷೆ

ಇವನ್ನು ಪೂರಕವಾಗಿ ಮಾತ್ರ ಬಳಸಿ. ಡಿಮಾರ್ಕ್ ವರದಿಯಲ್ಲಿ ಗುರುತಿಲ್ಲದ ಐಪಿಗಳಿಂದ ಕೆಲವು ವಿಫಲ ಸಾಲುಗಳಿರುವುದು ಸಹಜ, ಏಕೆಂದರೆ ಗ್ರಾಹಕರು ತಮ್ಮ ಹಳೆಯ ವಿಳಾಸದಿಂದ ಹೊಸದಕ್ಕೆ ಮೇಲ್ ಫಾರ್ವರ್ಡ್ ಮಾಡಿಕೊಂಡಾಗ ಎಸ್‌ಪಿಎಫ್ ಮುರಿಯುತ್ತದೆ; ಡಿಕಿಮ್ ಉಳಿದಿದ್ದರೆ ಚಿಂತೆಯಿಲ್ಲ. ಎಲ್ಲ ಮೇಲ್ ಸೇವೆಗಳೂ ಈ ವರದಿ ಕಳುಹಿಸುವುದಿಲ್ಲವಾದ್ದರಿಂದ ಅದರ ಮೊತ್ತ ನಿಮ್ಮ ಮೊತ್ತಕ್ಕೆ ಎಂದೂ ಸಮವಾಗದು. 2021ರ ಸೆಪ್ಟೆಂಬರಿನಿಂದ ಆಪಲ್ ಮೇಲ್ ಚಿತ್ರಗಳನ್ನು ತಾನೇ ಮುಂಚಿತವಾಗಿ ಇಳಿಸಿಕೊಳ್ಳುತ್ತಿರುವುದರಿಂದ, ಚಿತ್ರ ಇಳಿದದ್ದನ್ನೇ ‘ಮೇಲ್ ತೆರೆದರು’ ಎಂದು ಎಣಿಸುವ ಓಪನ್ ರೇಟ್ ಉಬ್ಬಿರುತ್ತದೆ. ಮೇಲ್ ಇನ್‌ಬಾಕ್ಸಿಗೆ ಬೀಳುತ್ತದೋ ಸ್ಪ್ಯಾಮಿಗೋ ಎಂದು ನೋಡಲೆಂದೇ ಇಟ್ಟ ಖಾತೆಗಳಿಗೆ ಕಳುಹಿಸಿ ನೋಡುವುದು ಸೀಡ್ ಪರೀಕ್ಷೆ; ಆ ವಿಳಾಸಗಳ ಹಿಂದೆ ಮೇಲ್ ಓದುವ, ಉತ್ತರಿಸುವ ಮನುಷ್ಯರಿಲ್ಲ. ಜಿಮೇಲ್‌ನಂಥ ಸೇವೆ ಓದುಗರ ವರ್ತನೆಯನ್ನು ನೋಡಿ ತೀರ್ಮಾನಿಸುವಾಗ ಅಂಥ ವಿಳಾಸದ ಫಲಿತಾಂಶ ನಿಮ್ಮ ನಿಜ ಗ್ರಾಹಕರಿಗೆ ಅನ್ವಯಿಸಲೇಬೇಕೆಂದಿಲ್ಲ.

ಕೊನೆಯ ಹಂತ: ಲಾಗ್ ಎದುರಿಟ್ಟುಕೊಂಡು ತೀರ್ಮಾನ

ಇಷ್ಟು ಸೋಸಿದ ಮೇಲೂ ಅಂಕಿಗಳು ಹೊಂದದಿದ್ದರೆ, ನಿರ್ಣಾಯಕ ಸಾಕ್ಷಿ ನಿಮ್ಮ ಸರ್ವರ್‌ನ ಅಥವಾ ಸೇವಾದಾರರ ಲಾಗ್, ಅಂದರೆ ಪ್ರತಿ ಮೇಲ್‌ಗೆ ಏನಾಯಿತೆಂದು ಸರ್ವರ್ ಬರೆದಿಡುವ ದಾಖಲೆ. ಎದುರಿನ ಸರ್ವರ್ ಮೇಲನ್ನು ನಿರಾಕರಿಸುವಾಗ ಕಾರಣವನ್ನು ಬರೆದೇ ಕಳುಹಿಸುತ್ತದೆ. ಗೂಗಲ್‌ನಿಂದ 550 5.7.26 ಬಂದರೆ ದೃಢೀಕರಣದ ತೊಂದರೆ, 421 4.7.28 ಬಂದರೆ ಅಸಹಜ ವೇಗದಲ್ಲಿ ಮೇಲ್ ಬರುತ್ತಿದೆ ಎಂಬ ತಾತ್ಕಾಲಿಕ ತಡೆ. ಮೈಕ್ರೋಸಾಫ್ಟ್‌ನಿಂದ 550 5.7.515 ಬಂದರೆ ಹೊಸ ನಿಯಮದ ದೃಢೀಕರಣ ಇಲ್ಲವೆಂದು, ಉತ್ತರದಲ್ಲಿ ಎಸ್3140 ಅಥವಾ ಎಸ್3150 ಎಂದಿದ್ದರೆ ಆ ಐಪಿಯೋ ಅದರ ಸುತ್ತಲಿನ ವ್ಯಾಪ್ತಿಯೋ ಅವರ ತಡೆಪಟ್ಟಿಯಲ್ಲಿದೆಯೆಂದು ಅರ್ಥ. ಎಸ್‌ಎನ್‌ಡಿಎಸ್ ಹಸಿರು ತೋರಿಸುತ್ತಿದ್ದರೂ ಲಾಗಿನಲ್ಲಿ ಎಸ್3150 ಸಾಲುಸಾಲಾಗಿ ಬಂದಿದ್ದರೆ ನಾನು ಲಾಗನ್ನೇ ನಂಬುತ್ತೇನೆ. ಅಲ್ಲಿರುವುದು ಸಾರಾಂಶವಲ್ಲ, ನಡೆದ ಘಟನೆ.

ಒಂದು ಸಾದಾ ಎಕ್ಸೆಲ್ ಹಾಳೆ ಸಾಕು. ವಾರಕ್ಕೊಂದು ಸಾಲು, ಜಿಮೇಲ್, ಯಾಹೂ, ಔಟ್‌ಲುಕ್ ಒಂದೊಂದಕ್ಕೂ ಕಳುಹಿಸಿದ ಮೇಲ್, ನಿರಾಕರಣೆ, ದೂರು, ಲಿಂಕ್ ಒತ್ತಿದವರು ಎಂಬ ಕಾಲಮ್‌ಗಳು, ಕೊನೆಯಲ್ಲಿ ಆ ವಾರ ನೀವು ಏನು ಬದಲಿಸಿದಿರಿ ಎಂಬ ಟಿಪ್ಪಣಿ. ಹೊಸ ಅಭ್ಯರ್ಥಿಗಳ ಪಟ್ಟಿ ಸೇರಿಸಿದ್ದು, ಡಿಕಿಮ್ ಕೀಲಿ ಬದಲಿಸಿದ್ದು, ಮೇಲ್‌ನ ವಿನ್ಯಾಸ ಬದಲಾದದ್ದು, ಎಲ್ಲವೂ ಆ ಟಿಪ್ಪಣಿಯಲ್ಲಿರಲಿ. ಕನಿಷ್ಠ ಎರಡು ಸ್ವತಂತ್ರ ಮೂಲಗಳು ಒಂದೇ ದಿಕ್ಕಿಗೆ ಬೆರಳು ಮಾಡುವವರೆಗೆ ಯಾವುದನ್ನೂ ಬದಲಿಸಬೇಡಿ, ಬದಲಿಸುವಾಗಲೂ ಒಂದು ವಾರಕ್ಕೆ ಒಂದನ್ನೇ ಬದಲಿಸಿ. ಲಾಗಿನಲ್ಲಿ ನಿರಾಕರಣೆ ಕಂಡಾಗ ಮಾತ್ರ ಈ ಕಾಯುವಿಕೆ ಬೇಡ.

ಸೇವಾದಾರರಿಗೋ ಮೇಲ್ ಕಂಪನಿಗೋ ದೂರು ಬರೆಯಬೇಕಾಗಿ ಬಂದರೆ, ‘ನಮ್ಮ ಖ್ಯಾತಿ ಕೆಟ್ಟಿದೆ’ ಎಂದು ಬರೆಯುವ ಬದಲು ಐಪಿ ವಿಳಾಸ, ಡಿಕಿಮ್ ಸಹಿಯ ಡೊಮೇನ್, ಯುಟಿಸಿ ಸಮಯ ಮತ್ತು ನಿರಾಕರಣೆಯ ಪೂರ್ಣ ಸಾಲನ್ನು ಇದ್ದಂತೆಯೇ ನಕಲು ಮಾಡಿ ಅಂಟಿಸಿ. ಬೇರೆ ಸಾಧನಗಳ ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಬೇಡಿ. ಸೆಂಡರ್ ಸ್ಕೋರ್ ಎಷ್ಟಿದೆ ಎಂಬುದರ ಮೇಲೆ ಮೈಕ್ರೋಸಾಫ್ಟ್‌ನ ಸಿಬ್ಬಂದಿ ನಿಮ್ಮ ಐಪಿಯನ್ನು ಬಿಡುಗಡೆ ಮಾಡುವುದಿಲ್ಲ, ಅವರು ತೆರೆದು ನೋಡುವುದು ತಮ್ಮದೇ ದಾಖಲೆಯನ್ನು.